ಅಕ್ಕನ ಆಫೀಸರ್ ಫೋನ್

ನನ್ನ ಅಕ್ಕನ ಬಾಯಿ ಗೊತ್ತಿಲ್ಲದವರು ಕಡಬ ಪೇಟೆಯಲ್ಲಿ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಅವಳದ್ದೊಂದು ಸಣ್ಣ ಫ್ಯಾನ್ಸಿ ಅಂಗಡಿ. ಬಳೆ, ಕ್ಲಿಪ್ಪು, ರಿಬ್ಬನ್ನು, ಸೇಫ್ಟಿ ಪಿನ್ನು. ಇದ್ದಬದ್ದ ಬಳೆಯನ್ನೆಲ್ಲ ಕೈಗೆ ಹಾಕಿ ನೋಡಿ ಕೊನೆಗೆ ಬೇಡ ಅಂದವರಿಗೆ ಅವಳು ಕೊಡುತ್ತಿದ್ದ ಮಂಗಳಾರತಿ ಕೇಳಲಿಕ್ಕೆಂದೇ ಪಕ್ಕದ ಹೋಟೆಲಿನವರು ಹೊರಗೆ ಬಂದು ನಿಲ್ಲುತ್ತಿದ್ದರು. ನಾನೂ ಏನು ಕಡಿಮೆಯವಳಲ್ಲ. ನಾವಿಬ್ಬರು ಒಂದು ಕೋಣೆಯಲ್ಲಿ ಕೂತರೆ ಮೂರನೆಯವರು ಎದ್ದು ಹೋಗಬೇಕು. ನನ್ನನ್ನು ಪುತ್ತೂರಿಗೂ ಅವಳನ್ನು ಕಡಬಕ್ಕೂ ಮದುವೆ ಮಾಡಿಕೊಟ್ಟದ್ದು ತನ್ನ ಪುಣ್ಯ ಎಂದು ಅಮ್ಮ ಎಲ್ಲರ ಎದುರೇ ಹೇಳುತ್ತಿದ್ದರು.

ಅಂಥ ಅಕ್ಕನಿಗೆ ಗಂಟಲಿನಲ್ಲಿ ಗಡ್ಡೆ ಆಯಿತು. ಮಂಗಳೂರಿನಲ್ಲಿ ಆಪರೇಷನ್ ಮಾಡಿದರು. ಜೀವ ಉಳಿಯಿತು, ಸ್ವರ ಹೋಯಿತು. ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅವಳೂ ತಲೆಯಾಡಿಸಿ ಒಪ್ಪಿದ್ದಳು. ಆದರೆ ಮನೆಗೆ ಬಂದ ದಿನ ಬೆಕ್ಕು ಹಾಲಿನ ಪಾತ್ರೆಗೆ ಬಾಯಿ ಹಾಕುವುದನ್ನು ನೋಡಿ ಬೈಯಲು ಹೊರಟವಳು ಹಾಗೇ ಬಾಯಿ ತೆರೆದು ನಿಂತದ್ದು ನನ್ನ ಕಣ್ಣಿನಲ್ಲಿ ಇನ್ನೂ ಉಂಟು. ನಾನು ಹಿತ್ತಿಲಿಗೆ ಹೋಗಿ ಅತ್ತೆ.

ಕಾಗದ ಪೆನ್ನು ಕೊಟ್ಟೆವು. ಅದು ಅವಳಿಗೆ ಸರಿ ಬರಲಿಲ್ಲ. ಬಗ್ಗಿ ಬರೆದು ಮುಗಿಸುವಷ್ಟರಲ್ಲಿ ಎದುರಿದ್ದವರು ಬೇರೆ ಎಂತದೋ ಮಾತಾಡಿ ಆಗಿರುತ್ತದೆ. ಪೆನ್ನನ್ನು ಗೋಡೆಗೆ ಬಿಸಾಡಿದಳು. ಅಂಗಡಿ ತೆರೆದು ಕೂತರೂ ಮುಖ ಬಾಡಿಯೇ ಇತ್ತು. ಬಂದವರು ಅಕ್ಕನ ಮುಂದೆ ದೊಡ್ಡ ಸ್ವರದಲ್ಲಿ, ಅವಳಿಗೆ ಕಿವಿಯೇ ಕೇಳುವುದಿಲ್ಲ ಎಂಬ ಹಾಗೆ, ಒಂದೊಂದೇ ಶಬ್ದ ಬಿಡಿಸಿ ಮಾತಾಡತೊಡಗಿದರು. ನನಗೇ ಅದನ್ನು ಕಂಡು ಮಂಡೆ ಬಿಸಿಯಾಗುತ್ತಿತ್ತು, ಇನ್ನು ಅವಳಿಗೆ ಹೇಗಾಗಿರಬೇಡ.

ನಮ್ಮವರು ಮೆಡಿಕಲ್ ರೆಪ್. ಪುತ್ತೂರು, ಸುಳ್ಯ, ಕಡಬ ಇಷ್ಟೂ ಅವರ ಏರಿಯಾ. ಅವರ ಕಂಪೆನಿಯವರು ಒಂದು ಫೋನು ಕೊಟ್ಟಿದ್ದರು. ಅರ್ಧ ಪರದೆ, ಅರ್ಧ ಅಕ್ಷರದ ಗುಂಡಿಗಳು, ಟೈಪ್‌ರೈಟರನ್ನು ಅಂಗೈಗೆ ಇಳಿಸಿದ ಹಾಗೆ. ಇ-ಮೇಲ್ ಬಂದರೆ ಮೂಲೆಯಲ್ಲಿ ಕೆಂಪು ದೀಪ ಮಿಣಮಿಣ ಅನ್ನುತ್ತಿತ್ತು. ಅದಕ್ಕೆ ನಮ್ಮ ಕಡೆ ಆಫೀಸರ್ ಫೋನ್ ಅಂತಲೇ ಹೆಸರು. ನಮ್ಮವರು ಅದನ್ನು ಬೆಲ್ಟಿನ ಚೀಲದಲ್ಲಿ ಸಿಕ್ಕಿಸಿಕೊಂಡು ಮದುವೆ ಊಟಕ್ಕೆ ಹೋದರೆ ಏನು ಗತ್ತು ಮಾರಾಯ್ರೆ! ಪಾಯಸ ಬಡಿಸುವಾಗ ಕೂಡ ಎಡಗೈಯಲ್ಲಿ ಅದನ್ನು ಒತ್ತುವುದು. ಕಾಲೇಜಿನ ಹುಡುಗಿಯರಿಗೂ ಅದರ ಹುಚ್ಚು ಹಿಡಿದಿತ್ತು. ಪುತ್ತೂರಿನ ಮೊಬೈಲ್ ಅಂಗಡಿಯಲ್ಲಿ ಬಿಳಿಯದ್ದು, ಗುಲಾಬಿಯದ್ದು ಎಲ್ಲ ಶೋಕೇಸಿನ ಮೇಲಿನ ತಟ್ಟಿನಲ್ಲೇ ಇಟ್ಟಿದ್ದರು.

ಆಮೇಲೆ ಗಾಜು ಉಜ್ಜುವ ಫೋನುಗಳು ಬಂದವು. ನೋಡುತ್ತಿದ್ದ ಹಾಗೆ ಆಫೀಸರ್ ಫೋನು ಮೇಲಿನ ತಟ್ಟಿನಿಂದ ಕೆಳಗಿನ ತಟ್ಟಿಗೆ ಬಂತು. ಅಲ್ಲಿಂದಲೂ ಕಾಣೆಯಾಯಿತು. ನಮ್ಮವರ ಕಂಪೆನಿಯೂ ಎಲ್ಲರಿಗೂ ಗಾಜಿನದ್ದೇ ಕೊಟ್ಟು, ಹಳೆಯದು ಬೇಕಾದರೆ ಇಟ್ಟುಕೊಳ್ಳಿ ಅಂದಿತು. ನಮ್ಮವರು ಅದನ್ನು ತಂದು ಟಿವಿಯ ಪಕ್ಕ ಬಿಸಾಡಿದರು. ಇಷ್ಟು ವರ್ಷ ಮಗುವಿನ ಹಾಗೆ ಒರೆಸಿ ಇಟ್ಟದ್ದನ್ನು!

ಅಕ್ಕ ಒಂದು ಭಾನುವಾರ ನಮ್ಮಲ್ಲಿಗೆ ಬಂದಿದ್ದಳು. ಸುಮ್ಮನೆ ಕೂತವಳು ಆ ಫೋನು ಎತ್ತಿ ಗುಂಡಿಗಳ ಮೇಲೆ ಹೆಬ್ಬೆರಳು ಆಡಿಸಿದಳು. ಇಲ್ಲಿ ಒಂದು ಮಾತು ಹೇಳಬೇಕು. ಅಂಗಡಿ ಹಾಕುವ ಮೊದಲು ಅಕ್ಕ ಬೀಡಿ ಕಟ್ಟುತ್ತಿದ್ದಳು, ಶಾಲೆ ಬಿಟ್ಟಂದಿನಿಂದ ಶುರುಮಾಡಿದ್ದು. ಮಡಿಲಲ್ಲಿ ಗೆರಸೆ, ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು. ಬೀಡಿ ಕಟ್ಟುವವರು ಕೈ ನೋಡುವುದಿಲ್ಲ. ಬೆರಳು ಅದರಷ್ಟಕ್ಕೆ ಸುತ್ತುತ್ತದೆ, ಕಟ್ಟುತ್ತದೆ, ಕಣ್ಣು ಎದುರಿದ್ದವರ ಮುಖದ ಮೇಲೆ ಇರುತ್ತದೆ. ಊರಿನ ಸುದ್ದಿಯೆಲ್ಲ ಹಾಗೆಯೇ ಆಗುವುದು. ಅಕ್ಕನ ಬೆರಳಿಗೆ ಆ ಗುಂಡಿಗಳ ಉಬ್ಬುತಗ್ಗು ಸಿಕ್ಕಿದ್ದೇ ತಡ, ಕೆಲವು ವಾರದಲ್ಲೇ ಅವಳು ನೋಡದೆ ಒತ್ತಲು ಕಲಿತಳು. ನನ್ನನ್ನು ದಿಟ್ಟಿಸಿ ನೋಡುತ್ತಾ, ಹುಬ್ಬು ಏರಿಸುತ್ತಾ, ಕೆಳಗೆ ಟಕಟಕ ಒತ್ತಿ ಪರದೆ ನನ್ನ ಮೂಗಿಗೆ ಹಿಡಿಯುವಳು. ಇಂಗ್ಲಿಷ್ ಅಕ್ಷರದಲ್ಲಿ ತುಳು. ಮೊದಲು ತೋರಿಸಿದ್ದು ಇದು: “ನಿನ್ನ ಸಾರಿಗೆ ಉಪ್ಪು ಜಾಸ್ತಿ. ಇಷ್ಟು ತಿಂಗಳಿಂದ ಹೇಳಬೇಕು ಅಂತ ಇದ್ದೆ.”

ನನಗೆ ಸಿಟ್ಟು ಬಂತೋ ಸಂತೋಷವಾಯಿತೋ, ಗೊತ್ತಿಲ್ಲ. “ಅಷ್ಟು ಜಾಸ್ತಿ ಆದರೆ ಎರಡು ಸಲ ಯಾಕೆ ಹಾಕಿಸಿಕೊಂಡದ್ದು?” ಅಂದೆ. ಟಕಟಕ. “ಹಸಿವು ಇತ್ತು. ಅದು ನಿನ್ನ ಕೈಗುಣ ಅಲ್ಲ.” ಅಂತೂ ಬಹಳ ಕಾಲದ ಮೇಲೆ ನಾವಿಬ್ಬರು ಮನಸಾರೆ ಜಗಳ ಮಾಡಿದೆವು. ನಮ್ಮವರು ಅಂಗಳಕ್ಕೆ ಎದ್ದು ಹೋದರು.

ಆ ಮೇಲಿನದ್ದು ಗಮ್ಮತ್ತಿನ ಕಾಲ. ಅಂಗಡಿಯಲ್ಲಿ ಚೌಕಾಶಿ ಮಾಡಿದವರಿಗೆ ಉತ್ತರ ಸಿದ್ಧ. ಬೈಯುವಾಗ ದೊಡ್ಡ ಅಕ್ಷರ, ಸಾಮಾನ್ಯ ಮಾತಿಗೆ ಸಣ್ಣದು. ಅಕ್ಕನ ಮುಖ ನೋಡುತ್ತಲೇ ಜನರಿಗೆ ಅರ್ಧ ಅರ್ಥವಾಗುತ್ತಿತ್ತು, ಉಳಿದ ಅರ್ಧ ಪರದೆಯಲ್ಲಿ. ಯಾರಿಗೂ ಕಾಯಬೇಕಾಗಿ ಬರಲಿಲ್ಲ. ಹೋಟೆಲಿನವರು ಮತ್ತೆ ಹೊರಗೆ ಬಂದು ನಿಲ್ಲತೊಡಗಿದರು, ಈ ಸಲ ಓದಲಿಕ್ಕೆ.

ಆದರೆ ಫೋನಿಗೂ ಆಯುಷ್ಯ ಅಂತ ಉಂಟಲ್ಲ. ಬ್ಯಾಟರಿ ಹೋಯಿತು. ಉಪ್ಪಿನಂಗಡಿಯ ಒಬ್ಬರು ರಿಪೇರಿಯವರು ಎಲ್ಲಿಂದಲೋ ಒಂದು ತರಿಸಿಕೊಟ್ಟರು. ಅದೂ ಉಬ್ಬಿತು. ವಾಟ್ಸಾಪ್ ನಿಂತಿತು. ಕಡೆಗೆ ಆ ಕಂಪೆನಿಯವರೇ ಹಳೆಯ ಫೋನುಗಳಿಗೆ ಇನ್ನು ನಾವಿಲ್ಲ ಎಂದು ಕೈ ತೊಳೆದುಕೊಂಡರಂತೆ. ಅದನ್ನು ಪೇಪರಿನಲ್ಲಿ ಓದಿ ಹೇಳುವಾಗ ನಮ್ಮವರ ಸ್ವರ ಯಾರೋ ಹಳೇ ಪರಿಚಯದವರು ತೀರಿಹೋದ ಸುದ್ದಿ ಹೇಳುವ ಹಾಗಿತ್ತು. ಒಂದು ಬೆಳಗ್ಗೆ ಅಕ್ಕನ ಫೋನು ಹೊತ್ತಲೇ ಇಲ್ಲ.

ನಾನು ಸುಮ್ಮನೆ ಕೂರುವವಳಲ್ಲ. ಪುತ್ತೂರಿನ ಮೊಬೈಲ್ ಅಂಗಡಿಗಳನ್ನೆಲ್ಲ ಹತ್ತಿ ಇಳಿದೆ. ಸುಳ್ಯಕ್ಕೂ ಹೋದೆ. ಒಂದು ಅಂಗಡಿಯವ ನಗುತ್ತಾ, “ಅದೆಲ್ಲ ಈಗ ಯಾರಿಗೆ ಬೇಕು ಅಕ್ಕ?” ಅಂದ. “ನನಗೆ ಬೇಕು, ಅದಕ್ಕೇ ಕೇಳಿದ್ದು. ನಗಾಡ್ಲಿಕ್ಕೆ ಎಂತ ಉಂಟು ಅದರಲ್ಲಿ?” ಎಂದು ಕೇಳಿದೆ. ಪಾಪ, ಅವನ ತಪ್ಪಲ್ಲ. ನಂಬರು ಒತ್ತುವ ಸಣ್ಣ ಫೋನು ತೋರಿಸಿದ. ಅದರಲ್ಲಿ ಒಂದು ಅಕ್ಷರಕ್ಕೆ ಮೂರು ಸಲ ಒತ್ತಬೇಕು, ಅಷ್ಟರಲ್ಲಿ ಜಗಳ ತಣ್ಣಗಾಗಿರುತ್ತದೆ. ಕೊನೆಗೆ ನಾನೂ ಸೋತು, ದೊಡ್ಡ ಪರದೆಯ ಒಂದು ಗಾಜಿನ ಫೋನೇ ತೆಗೆದುಕೊಂಡು ಹೋದೆ.

ಆ ಗಾಜಿಗೆ ಅಕ್ಕನ ಬೆರಳೇ ತಿಳಿಯುವುದಿಲ್ಲ. ಬೀಡಿ ಕಟ್ಟಿ ಕಟ್ಟಿ ಅವಳ ಬೆರಳ ತುದಿ ಸವೆದು ಒಣಗಿ ನುಣ್ಣಗಾಗಿದೆ. ರೇಷನ್ ಅಂಗಡಿಯ ಮಿಷನ್ನಿಗೆ ಒತ್ತಿದರೂ ಗೆರೆ ಬರುವುದಿಲ್ಲ. ಫೋನಿನಲ್ಲಿ ಒಂದು ಒತ್ತಿದರೆ ಇನ್ನೊಂದು ಬೀಳುತ್ತದೆ, ಇಲ್ಲವೇ ಬೀಳುವುದೇ ಇಲ್ಲ. ಬೆರಳು ಒದ್ದೆ ಮಾಡಬೇಕು, ಒರೆಸಬೇಕು, ಮತ್ತೆ ಒತ್ತಬೇಕು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಎಂತದೋ ಒಂದನ್ನು ನನ್ನ ಮಗಳು ಹಾಕಿಕೊಟ್ಟಳು. ಅದರೊಳಗಿನ ಯಾವುದೋ ಊರಿನ ಹೆಂಗಸು ನಮ್ಮ ತುಳುವನ್ನು ಇಂಗ್ಲಿಷ್ ಅಂತ ತಿಳಿದು ಓದಿ ಲಗಾಡಿ ತೆಗೆದಳು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಕ್ಕು ಮುಗಿಸಿ ಅದನ್ನು ಬಂದ್ ಮಾಡಿಸಿದಳು.

ನಿಧಾನಕ್ಕೆ ಅಭ್ಯಾಸ ಆಗುತ್ತದೆ ಅಂದುಕೊಂಡೆ. ಆದದ್ದು ಬೇರೆ. ನಾನು ಪುತ್ತೂರಿನಿಂದ ಒಂದರ ಹಿಂದೊಂದು ಉದ್ದುದ್ದ ಮೆಸೇಜು ಕಳಿಸಿದರೆ ಆ ಕಡೆಯಿಂದ ಒಂದು ಹೆಬ್ಬೆರಳಿನ ಚಿತ್ರ. ನಾದಿನಿ ಹೀಗಂದಳು, ಇದು ಸರಿಯಾ? ಹೆಬ್ಬೆರಳು. ಮಗಳಿಗೆ ಒಂದು ಸಂಬಂಧ ಬಂದಿದೆ, ಎಂತ ಮಾಡುದು? ಹೆಬ್ಬೆರಳು. ಬೇಕೆಂದೇ ಕೆಣಕಿ ನೋಡೋಣ ಎಂದು, “ನಿನ್ನ ಮೀನು ಸಾರಿಗೆ ಹುಳಿಯೇ ಇರುದಿಲ್ಲ, ಭಾವ ಪಾಪ ಸಹಿಸಿಕೊಂಡು ತಿನ್ನುದು” ಎಂದು ಹಾಕಿದೆ. ಅದಕ್ಕೂ ಹೆಬ್ಬೆರಳು! ಆಗ ನನಗೆ ಹೆದರಿಕೆಯಾಯಿತು. ಸ್ವರ ಹೋದಾಗ ಆಗದಷ್ಟು ಹೆದರಿಕೆ. ಅಕ್ಕ ನಮ್ಮನ್ನೆಲ್ಲ ಬಿಟ್ಟು ಒಳಗೆ ಒಳಗೆ ಹೋಗುತ್ತಿದ್ದಾಳೆ ಅನ್ನಿಸಿತು.

ಮಾರನೆ ದಿನವೇ ಬಸ್ಸು ಹತ್ತಿದೆ. ಉಪ್ಪಿನಂಗಡಿ ಕಳೆದು ಕೊಯಿಲ ದಾಟುವಷ್ಟರಲ್ಲಿ ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡಾಗಿತ್ತು. ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಶುರು ಮಾಡಿದೆ. “ಎಂತ ನಿನ್ನ ಅವಸ್ಥೆ? ನಾನೇನು ಪೊಕ್ಕಡೆ, ಕೆಲಸ ಇಲ್ಲದೆ ಬರೆಯುದಾ? ಹೆಬ್ಬೆರಳು ಹೆಬ್ಬೆರಳು, ನನಗೆ ಹೆಬ್ಬೆರಳು ಕಂಡರೇ ಮೈ ಉರೀತದೆ. ಬೇಡ ಅಂತಿದ್ದರೆ ಬೇಡ ಅಂತ ಹೇಳು!” ಅಕ್ಕ ಫೋನು ಎತ್ತಿಕೊಂಡು ಬಗ್ಗಿದಳು. ನಾನು ಮುಂದುವರಿಸಿದೆ. ನಾದಿನಿಯ ವಿಷಯ ಹೇಳಿದೆ, ಸಂಬಂಧದ ವಿಷಯ ಹೇಳಿದೆ, ಬಸ್ಸಿನ ರಶ್ ಹೇಳಿದೆ. ನಡುವೆ ಒಬ್ಬಳು ಬಂದು ಕಪ್ಪು ಬಣ್ಣದ ಕ್ಲಿಪ್ಪು ಉಂಟಾ ಕೇಳಿದಳು. ಅಕ್ಕ ಉತ್ತರ ಬರೆಯತೊಡಗಿದಳು. ಬಂದವಳು ಒಂದು ಕ್ಷಣ ನಿಂತು, “ಇರಲಿ ಬಿಡಿ” ಎಂದು ಪಾಪದ ಮುಖ ಮಾಡಿ ಹೊರಟುಹೋದಳು. ನಾನು ಅದಕ್ಕೂ ಬಾಯಿ ಹಾಕಿದೆ.

ಅಕ್ಕ ಅಂಗೈಯಿಂದ ಶೋಕೇಸಿನ ಮೇಲೆ ಬಡಿದಳು. ಒಳಗಿದ್ದ ಬಳೆಗಳೆಲ್ಲ ಅದುರಿದವು.

ಅವಳು ಬೆರಳನ್ನು ಲೋಟದ ನೀರಿಗೆ ಅದ್ದಿ, ಸೆರಗಿಗೆ ಒರೆಸಿ, ಮತ್ತೆ ಬಗ್ಗಿದಳು. ಬೈತಲೆಯ ಹತ್ತಿರ ಕೂದಲು ಎಷ್ಟು ಬೆಳ್ಳಗಾಗಿದೆ ಅಂತ ಅವತ್ತು ಕಂಡೆ. ಹಿಂದೆಲ್ಲ ಕಾಣುತ್ತಿದ್ದದ್ದು ಅವಳ ಕಣ್ಣು. ಒಂದು ಅಕ್ಷರ ಒತ್ತಿದಳು, ಅಳಿಸಿದಳು, ಮತ್ತೆ ಒತ್ತಿದಳು. ನನ್ನ ನಾಲಿಗೆ ತುರಿಸುತ್ತಿತ್ತು. ಹೊರಗೆ ಪುತ್ತೂರಿನ ಬಸ್ಸು ಬಂದು, ಕಂಡಕ್ಟರು ಕೂಗಿ ಕೂಗಿ, ಹೊರಟೂ ಹೋಯಿತು. ಕೊನೆಗೆ ಅಕ್ಕ ಫೋನನ್ನು ನನ್ನ ಕಡೆ ತಿರುಗಿಸಿದಳು.

“ನಾನು ಅರ್ಧ ಬರೆಯುವಾಗ ನೀನು ಬೇರೆ ವಿಷಯಕ್ಕೆ ಹೋಗಿರ್ತಿ. ಎಲ್ಲರೂ ಹಾಗೆಯೇ. ಮತ್ತೆ ನಾನು ಬರೆದದ್ದನ್ನು ಯಾರಿಗೆ ತೋರಿಸುದು? ಎಲ್ಲ ಅಳಿಸಿ ಹೆಬ್ಬೆರಳು ಹಾಕ್ತೇನೆ.”

ಫೋನು ಕೈಗೆ ತೆಗೆದುಕೊಂಡು ಎರಡು ಸಲ ಓದಿದೆ. ಅಷ್ಟೆಲ್ಲ ಅಳಿಸಿದ್ದಾಳೆ ಹಾಗಾದರೆ. ನಾದಿನಿಯ ವಿಷಯಕ್ಕೂ, ಸಂಬಂಧದ ವಿಷಯಕ್ಕೂ, ಮೀನು ಸಾರಿಗೂ ಉತ್ತರ ಇತ್ತು.

ಅಕ್ಕ ನನ್ನ ಕೈಯಿಂದ ಫೋನು ತೆಗೆದುಕೊಂಡು ಮತ್ತೆ ಬೆರಳು ಅದ್ದಿದಳು. ನಾನು ಎಂತದೋ ಹೇಳಲು ಬಾಯಿ ತೆರೆದೆ. ಅವಳು ತಲೆ ಎತ್ತದೆಯೇ ಎಡಗೈ ಎತ್ತಿ, ಇರು ಅಂದಳು. ನಾನು ಸ್ಟೂಲು ಹತ್ತಿರಕ್ಕೆ ಎಳೆದುಕೊಂಡು ಬಾಯಿ ಮುಚ್ಚಿ ಕೂತೆ.