ಮೆಟ್ಟಿಲಂಚಿನ ಅರಿಶಿನ

ದೊಡ್ಡಬಳ್ಳಾಪುರದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನನ್ನದು ಕಲೆ ಹುಡುಕುವ ಕೆಲಸ. ಟ್ಯೂಬ್‌ಲೈಟಿನ ಕೆಳಗೆ ಅಂಗಿ ಹರಡಿ ನೋಡುತ್ತೇನೆ. ಎಣ್ಣೆಯ ಚುಕ್ಕೆಯೋ ಸೂಜಿ ಚುಚ್ಚಿದ ಬೆರಳಿನ ರಕ್ತವೋ ಕಂಡರೆ ಕೆಂಪು ಸ್ಟಿಕರ್ ಅಂಟಿಸಿ ಪಕ್ಕಕ್ಕೆ ಎಸೆಯುತ್ತೇನೆ. ಮನೆಗೆ ಬಂದ ಮೇಲೂ ಕಣ್ಣು ಅದೇ ಕೆಲಸ ಮಾಡುತ್ತಿರುತ್ತದೆ. ಇದರಿಂದ ಮನೆಯವರಿಗೆಲ್ಲ ಸಾಕುಸಾಕಾಗಿದೆ ಎಂಬುದು ನನಗೂ ಗೊತ್ತು.

ಮನೆ ಇರುವುದು ತೂಬಗೆರೆ ಕಡೆಯ ಹಳ್ಳಿಯಲ್ಲಿ. ನಾನು, ನನ್ನ ಗಂಡ, ಅತ್ತೆ. ಅತ್ತೆಗೆ ಎರಡು ಕಣ್ಣೂ ಮಂಜಾಗಿ ಕೆಲವು ವರ್ಷಗಳಾದವು. ನರದ ತೊಂದರೆ, ಆಪರೇಷನ್ನಿನಿಂದ ಪ್ರಯೋಜನವಿಲ್ಲ ಎಂದರು ಡಾಕ್ಟರು. ಆದರೂ ಅತ್ತೆ ದಿನಾ ಬೆಳಗ್ಗೆ ತಾವೇ ಎದ್ದು, ನಡುಮನೆ ದಾಟಿ, ಒಂದು ಮೆಟ್ಟಿಲು ಹತ್ತಿ ಅಡುಗೆಮನೆಗೆ ಹೋಗಿ, ತಮ್ಮ ಕಾಫಿ ತಾವೇ ಕಾಸಿಕೊಳ್ಳುತ್ತಿದ್ದರು. ಕೈ ಹಿಡಿಯಲು ಹೋದರೆ ಕೊಸರಿಕೊಳ್ಳುತ್ತಿದ್ದರು.

"ನಮ್ಮನೇಲಿ ನಾನ್ ಓಡಾಡಕ್ಕೆ ನಿನ್ ಕೈ ಯಾಕೆ? ಬಿಡೇ."

ಹೊಲ, ಹಸು, ಸಂತೆ ಎಲ್ಲ ಬಿಟ್ಟುಹೋದ ಮೇಲೆ ಅವರ ಕೈಯಲ್ಲಿ ಉಳಿದಿದ್ದು ಆ ಒಂದು ಲೋಟ ಕಾಫಿ.

ನೆಲಕ್ಕೆ ಕಲ್ಲು ಹಾಕಿಸಿದ್ದೂ ಅವರಿಗಾಗಿಯೇ. ಹಳೆಯದು ಕೆಂಪು ಗಾರೆಯ ನೆಲ, ಮೆಟ್ಟಿಲಿನ ಅಂಚಿಗೆ ಕಪ್ಪು ಪಟ್ಟಿ. ಅಲ್ಲಲ್ಲಿ ಕಿತ್ತುಬಂದು ಗುಂಡಿ ಬಿದ್ದಿತ್ತು. ಅಂಥ ಒಂದು ಗುಂಡಿಗೆ ಕಾಲು ಸಿಕ್ಕಿ ಅತ್ತೆಯ ಹೆಬ್ಬೆರಳಿನ ಉಗುರೇ ಕಿತ್ತುಹೋಯಿತು. ನುಣುಪು ಟೈಲ್ಸ್ ಆದರೆ ಜಾರುತ್ತದೆಂದು ನನ್ನ ಗಂಡ ದೇವನಹಳ್ಳಿ ಕಡೆಯಿಂದ ತರಿತರಿಯಾದ ಬೂದುಗಲ್ಲು ತರಿಸಿದರು.

ಆಮೇಲಿನ ಪಾಡು ಯಾರಿಗೂ ಬೇಡ. ಕಲ್ಲುಗಳು ಒಂದು ದಪ್ಪ, ಒಂದು ತೆಳ್ಳಗೆ. ಕೇಳಿದರೆ ಹಿಂದೂಪುರದ ಕಡೆಯ ಮೇಸ್ತ್ರಿ, "ಇದು ಕಲ್ಲಮ್ಮಾ, ಬಿಸ್ಕತ್ ಅಲ್ಲ" ಎಂದ. ಕೂರಿಸಿದ ಕಲ್ಲನ್ನು ರಬ್ಬರ್ ಸುತ್ತಿಗೆಯಿಂದ ತಟ್ಟಿ, ಟೊಳ್ಳು ಸದ್ದು ಬಂದರೆ ಮತ್ತೆ ಎಬ್ಬಿಸುತ್ತಿದ್ದ. ಒಂದು ಮಧ್ಯಾಹ್ನ ಹಾಕಿದ ಸಾಲನ್ನೆಲ್ಲ ಕಿತ್ತ, ನೀರು ದೇವರ ಮೂಲೆಗೆ ಹರಿಯುತ್ತಿತ್ತಂತೆ. ನೆಲ ಎತ್ತರವಾಗಿ ಬಾಗಿಲುಗಳು ಕಚ್ಚಿಕೊಂಡವು. ಬಡಗಿ ಬಂದು ಅವುಗಳ ಬುಡ ಕೊಯ್ದ. ಅಕ್ಕಿ ಡಬ್ಬಿಯ ಒಳಗೂ ಕಲ್ಲಿನ ಹುಡಿ. ಬೆಕ್ಕು ಮರಿ ಕಚ್ಚಿಕೊಂಡು ತಿರುಗುವ ಹಾಗೆ ನಾವು ಹಾಸಿಗೆ ಹೊತ್ತುಕೊಂಡು ಕೋಣೆಯಿಂದ ಕೋಣೆಗೆ ತಿರುಗಿದೆವು. ಅಡುಗೆ ದನದ ಕೊಟ್ಟಿಗೆಯಲ್ಲಿ ನಡೆಯಿತು.

ಕೊನೆಗೂ ನೆಲ ಮುಗಿಯಿತು. ಹೋಗುವಾಗ ಮೇಸ್ತ್ರಿ ಹೇಳಿದ: "ಗಾರೆ ಒಣಗಲಿ, ಆಮೇಲೆ ಸೀಲರ್ ಬಳಿಸಿ. ಅಲ್ಲೀವರ್ಗೂ ಎಣ್ಣೆಗಿಣ್ಣೆ ಬೀಳಿಸ್ಬೇಡಿ. ಕಲ್ಲು ಕುಡ್ದುಬಿಡ್ತದೆ."

ಇದನ್ನು ಅವನು ಹೇಳಿದ್ದು ನನಗೆ, ಅತ್ತೆಗಲ್ಲ. ಹೊಸ ನೆಲಕ್ಕೆ ಪೂಜೆಯಾಗದೆ ಒಲೆ ಹಚ್ಚುವುದುಂಟೇ? ಶುಕ್ರವಾರ ನಾನು ಕಾರ್ಖಾನೆಯಲ್ಲಿದ್ದಾಗ ಅತ್ತೆ ಬೀದಿಯ ಮುತ್ತೈದೆಯರನ್ನು ಕರೆದು ಹಾಲು ಉಕ್ಕಿಸಿದರು. ಅಡುಗೆಮನೆಯ ಮೆಟ್ಟಿಲಿಗೂ ಹೊಸಿಲಿನ ಮರ್ಯಾದೆ ಸಿಕ್ಕಿತು. ಅಂಚಿನುದ್ದಕ್ಕೂ ಅರಿಶಿನ ಬಳಿದು, ಕುಂಕುಮ ಇಟ್ಟು, ಪಕ್ಕದಲ್ಲಿ ದೀಪ ಹಚ್ಚಿದ್ದರು. ದೀಪದ ಎಣ್ಣೆ ಚೆಲ್ಲಿ ಎಲ್ಲವೂ ಕಲ್ಲಿಗೆ ಇಳಿದಿತ್ತು.

ಸಂಜೆ ಬಂದು ನೋಡಿದವಳಿಗೆ ಮೈ ಉರಿದುಹೋಯಿತು. ಸೋಪಿನ ಪುಡಿ, ಸೋಡಾ, ಸೀಮೆಎಣ್ಣೆ, ಯಾವುದಕ್ಕೂ ಅದು ಜಗ್ಗಲಿಲ್ಲ. ಅರಿಶಿನ ಇನ್ನಷ್ಟು ಹರಡಿತು.

"ಎಷ್ಟು ಉಜ್ಜಿದ್ರೂ ಕಲೆ ಹೋಗ್ತಿಲ್ಲ ಅತ್ತೆ" ಎಂದೆ, ಅವರಿಗೆ ಚುಚ್ಚಲಿ ಎಂದೇ.

"ಅರಿಶ್ನ ಕುಂಕುಮನ ಕಲೆ ಅಂತೀಯಲ್ಲೇ! ಬಾಯಿ ತೊಳ್ಕೋ ಹೋಗು."

ನಾನು ಬಿಡಲಿಲ್ಲ. ಮುಂದಿನ ವಾರವೇ ಮೇಸ್ತ್ರಿಯನ್ನು ಕರೆಸಿ ಆ ಕಲ್ಲನ್ನು ಕೀಳಿಸಿ, ಮಿಕ್ಕಿದ್ದರಲ್ಲಿ ಒಂದನ್ನು ಹಾಕಿಸಿದೆ. ಕಿತ್ತ ಕಲ್ಲು ಒಡೆದು ಎರಡು ಹೋಳಾಯಿತು. ಹಿತ್ತಿಲಿಗೆ ಎಸೆದೆವು. ಈಗ ನಡುಮನೆಯಿಂದ ಅಡುಗೆಮನೆಯವರೆಗೆ ಒಂದೇ ಬಣ್ಣ. ನನಗೆ ಬಹಳ ಸಮಾಧಾನವಾಯಿತು.

ಮಾರನೆಯ ಬೆಳಗ್ಗೆ ಅತ್ತೆ ಮಂಚದ ಮೇಲೇ ಕೂತಿದ್ದರು. "ಕಾಫಿ ನೀನೇ ತಂದ್ಕೊಡು" ಎಂದರು. ಮರುದಿನವೂ ಅದೇ ಮಾತು. ಮೈ ಸರಿಯಿಲ್ಲವೇನೋ ಎಂದುಕೊಂಡೆ. ಮೂರನೆಯ ದಿನ ಏನನ್ನಿಸಿತೋ, ಅವರೇ ಎದ್ದು ಹೊರಟರು. ನಾನು ಒಲೆಯ ಹತ್ತಿರವಿದ್ದೆ. ನಡುಮನೆಯಲ್ಲಿ ಸಲೀಸಾಗಿ ಬಂದವರು ಮೆಟ್ಟಿಲಿಗೆ ಇನ್ನೂ ಒಂದು ಮಾರು ಇರುವಾಗಲೇ ನಿಂತರು. ಕಾಲನ್ನು ಮುಂದಕ್ಕಿಟ್ಟು ತಡವಿದರು, ಹಿಂದಕ್ಕೆಳೆದುಕೊಂಡರು, ಮತ್ತೆ ತಡವಿದರು.

"ಮೆಟ್ಲೆಲ್ಲೇ? ಮುಂಚೆ ಕರ್‍ರಗೆ ಕಾಣೋದು. ಪೂಜೆ ಆದ್ಮೇಲೆ ಹಳದಿ ಕಾಣ್ತಿತ್ತು. ಈಗೇನೂ ಕಾಣ್ತಿಲ್ವಲ್ಲ."

ಆಮೇಲೆ ಅವರು ನನ್ನ ಕಡೆಗೆ ಕೈ ಚಾಚಿದರು. ಮದುವೆಯಾಗಿ ಬಂದಾಗಿನಿಂದ ಅವರು ಹಾಗೆ ಕೈ ಚಾಚಿದ್ದನ್ನು ನಾನು ನೋಡಿರಲಿಲ್ಲ. ಹಿಡಿದು ಹತ್ತಿಸಿದೆ. ಕೈ ತಣ್ಣಗಿತ್ತು.

ಸೀಲರ್ ಬಳಿಯುವವನು ಅಂದೇ ಮಧ್ಯಾಹ್ನ ಬರುವವನಿದ್ದ. ಬಳಿದುಬಿಟ್ಟರೆ ಆ ಕಲ್ಲು ಇನ್ನೇನನ್ನೂ ಕುಡಿಯುವುದಿಲ್ಲ. ಕಾರ್ಖಾನೆಗೆ ರಜೆ ಹೇಳಿ, ಎಣ್ಣೆಯಲ್ಲಿ ಅರಿಶಿನ ಕಲಸಿ ಮೆಟ್ಟಿಲಿನ ಮುಂದೆ ಮಂಡಿಯೂರಿ ಕೂತೆ. ಅಂಚಿನುದ್ದಕ್ಕೂ ಹೆಬ್ಬೆರಳಿನಿಂದ ಒತ್ತಿ ಒತ್ತಿ ತಿಕ್ಕಿದೆ. ಒಣಗಿದ ಮೇಲೆ ಇನ್ನೊಂದು ಸಲ ತಿಕ್ಕಿದೆ. ಸಾಲಾಗಿ ಕುಂಕುಮವನ್ನೂ ಇಟ್ಟೆ. ಊಟಕ್ಕೆ ಬಂದ ನನ್ನ ಗಂಡ ನೋಡಿದರು, ಅಂಚು ತುಳಿಯದೆ ದಾಟಿಕೊಂಡು ಹೋದರು.

ಸೀಲರಿನವನು ಡಬ್ಬಿ ತೆರೆದು ಆ ಅಂಚಿನ ಹತ್ತಿರ ತಡೆದ.

"ಮೇಡಂ, ಇಲ್ಲೊಂದು ಕಲೆ ಐತೆ. ತೆಗ್ದು ಬಳಿಯಾಣಾ?"

"ಬೇಡಪ್ಪಾ. ಅದರ ಮೇಲೇ ಬಳಿ. ಅದು ಹೋಗ್ಬಾರ್ದು."

ಸೀಲರ್ ಆರಿದ ಮೇಲೆ, ಮಾರನೆಯ ಬೆಳಗ್ಗೆ ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದೆ. ಅತ್ತೆಗೆ ಏನೂ ಹೇಳಿರಲಿಲ್ಲ. ಅವರು ನಿಧಾನವಾಗಿ ನಡುಮನೆ ದಾಟಿ, ಹಳದಿಯ ಹತ್ತಿರ ನಿಂತು ತಲೆ ಬಗ್ಗಿಸಿದರು. ಆಮೇಲೆ ಕಾಲೆತ್ತಿದರು. ಬಿದ್ದುಬಿಟ್ಟರೆ ಎಂದು ಹೆದರಿ ನಾನು ಕೈ ಚಾಚಿದೆ.

ಅವರು ಅದನ್ನು ಪಕ್ಕಕ್ಕೆ ತಳ್ಳಿದರು.

"ದಾರಿ ಬಿಡೇ, ಕಾಫಿಗಿಡ್ಬೇಕು."