ರೊಟ್ಟಿ ಬಡಿಯುತ್ತ ಕಲಿಸಿದ ಡಚ್

ಆಂಟಿಯ ಬಲ ಅಂಗೈ ಎಡಗೈಗಿಂತ ದಪ್ಪ, ಕೆಂಪು. ದಿನಾ ಜೋಳದ ರೊಟ್ಟಿ ಬಡಿದು ಬಡಿದು ಅದರ ಗೆರೆಗಳೇ ಸವೆದುಹೋಗಿದ್ದವು. ಹುಬ್ಬಳ್ಳಿಯವರು, ಹದಿನಾಲ್ಕು ವರ್ಷ ಹಾಲೆಂಡಿನಲ್ಲಿ ಸಂಸಾರ ಮಾಡಿ ಆಮೇಲೆ ಅಮೆರಿಕದ ಡಾಲಸ್ ಪಕ್ಕದ ಕಾಪೆಲ್‌ಗೆ ಬಂದು ನನ್ನ ಅಕ್ಕನ ಪಕ್ಕದ ಮನೆಯವರಾದರು.

೨೦೧೧ರಲ್ಲಿ ನಾನು ಅಕ್ಕನ ಮನೆಯಲ್ಲಿದ್ದು ಡಾಲಸ್‌ನಲ್ಲಿ ಕೆಲಸ ಮಾಡುತ್ತಿದ್ದೆ. ಹಾಲೆಂಡಿನಲ್ಲಿದ್ದ ಹುಡುಗನೊಂದಿಗೆ ಮದುವೆ ಗೊತ್ತಾಗಿತ್ತು. ವೀಸಾ ಸಿಗಬೇಕಾದರೆ ಡಚ್ ಪರೀಕ್ಷೆ ಪಾಸಾಗಬೇಕು. ಹ್ಯೂಸ್ಟನ್‌ಗೆ ಹೋಗಿ, ಅಲ್ಲಿನ ಡಚ್ ಕಾನ್ಸುಲೇಟಿನಲ್ಲಿ ಕೂತು, ಫೋನಿನಲ್ಲಿ ಯಂತ್ರ ಹೇಳಿದ ವಾಕ್ಯಗಳನ್ನು ಹಾಗೆಯೇ ತಿರುಗಿ ಹೇಳುವ ಪರೀಕ್ಷೆ.

ಡಚ್ಚರು ಎರಡು ಮೂರು ಪದ ಬೆಸೆದು ಮಾರುದ್ದದ ಒಂದು ಪದ ಮಾಡುತ್ತಾರೆ. ನಾನೋ ಎಲ್ಲ ಅಕ್ಷರಕ್ಕೂ ಒಂದೇ ತೂಕ ಕೊಟ್ಟು ಮಗ್ಗಿ ಒಪ್ಪಿಸಿದಂತೆ ಓದುತ್ತಿದ್ದೆ. ಆಂಟಿ ಪುಸ್ತಕ ಮುಚ್ಚಿಸಿ ಅಡುಗೆಮನೆಗೆ ಕರೆದರು. ಪದದ ಒಂದೊಂದು ತುಂಡಿಗೆ ರೊಟ್ಟಿಯ ಮೇಲೆ ಒಂದೊಂದು ಬಡಿತ, ಒತ್ತು ಬೀಳುವಲ್ಲಿ ಜೋರು. ಆಸ್ಪತ್ರೆಗೆ ‘ಝೀ-ಕನ್-ಹೌಸ್’: ಮೊದಲನೆಯದು ಜೋರು, ಉಳಿದೆರಡು ಮೆಲ್ಲಗೆ. ಪುರಭವನಕ್ಕೆ ‘ಸ್ಟಾಟ್-ಹೌಸ್’. “ಇದು ಉಲ್ಟಾ ಐತಿ, ಎರಡನೇದ್ದು ಜೋರು. ಎಲ್ಲಾದಕ್ಕೂ ಜೋರ್ ಬಡದ್ರ ರೊಟ್ಟಿ ಹರೀತೈತಿ ತಂಗಿ,” ಎನ್ನುತ್ತಿದ್ದರು.

ಮೊದಲ ಸಲ ಫೇಲಾದೆ. ಮದುವೆ ಮುಂದೆ ಹೋಯಿತು, ಹುಡುಗನ ಮನೆಯವರು ಗೊಣಗತೊಡಗಿದರು. ಹ್ಯೂಸ್ಟನ್‌ಗೆ ನನ್ನನ್ನು ಕರೆದೊಯ್ದಿದ್ದ ಆಂಟಿಗೆ ವಾಪಸ್ ಬರುವಾಗ, “ಸಾಕು ಆಂಟಿ, ನನ್ ಕೈಲಿ ಆಗಲ್ಲ,” ಎಂದೆ.

“ನಾನೂ ಹಾಲೆಂಡಿನ ಕ್ಲಾಸಿನ್ಯಾಗ ಮೂರ್ ಸಲ ಫೇಲ್ ಆಗೀನಿ. ನಿಮ್ಮ ಅಂಕಲ್‌ಗೆ ಇನ್ನೂ ಗೊತ್ತಿಲ್ಲ. ನಾಳೆ ಸಂಜಿಗೆ ಬಾ.”

ಎರಡನೇ ಸಲ ಪಾಸಾದೆ. ಅವತ್ತೂ ಆಂಟಿಯೇ ನಾಲ್ಕು ತಾಸು ಡ್ರೈವ್ ಮಾಡಿ ಕರೆದೊಯ್ದಿದ್ದರು. ಹಿಂದಿರುಗುವಾಗ ಕಾರಿನಲ್ಲಿ ಕೂತೇ ಹುಡುಗನಿಗೆ ಫೋನ್ ಮಾಡಿದೆ. “ಈ ಸಲ ಯಾರು ಕಲಿಸಿದ್ರು?” ಎಂದು ಅವನು ಕೇಳಿದ.

“ಯಾರೂ ಇಲ್ಲ. ನಾನೇ ಕಲಿತ್ಕೊಂಡೆ,” ಎಂದೆ.

ಯಾಕೆ ಹಾಗೆಂದೆನೋ. ಜಾಣೆ ಅನ್ನಿಸಿಕೊಳ್ಳುವ ಆಸೆ, ಇನ್ನೇನು. ಆಂಟಿ ಇಂಡಿಕೇಟರ್ ಹಾಕಿ ಲೇನ್ ಬದಲಿಸಿದರು. ಮನೆ ಮುಂದೆ ಇಳಿಸುವಾಗ ಹೇಳಿದ್ದು ಇಷ್ಟೇ: “ಅಲ್ಲಿ ಥಂಡಿ ಭಾಳ. ದಪ್ಪನ್ ಕೋಟ್ ತಗೊಂಡ್ ಹೋಗವಾ.” ಕ್ಷಮೆ ಕೇಳಲು ನನಗೆ ಬಾಯಿ ಬರಲಿಲ್ಲ. ಮದುವೆಯಾಗಿ ಹೊರಟ ಮೇಲಂತೂ ಫೋನ್ ಮಾಡಲೂ ನಾಚಿಕೆ.

ಆರೇಳು ವರ್ಷಗಳ ನಂತರ ಅಕ್ಕ ಫೋನ್ ಮಾಡಿ, ಆಂಟಿ ತೀರಿಕೊಂಡರು ಎಂದಳು. ಗಂಡನಿಗೆ, “ನಂಗೆ ಡಚ್ ಕಲಿಸಿದೋರು ಹೋಗ್ಬಿಟ್ರು,” ಎಂದೆ.

“ನೀನೇ ಕಲಿತ್ಕೊಂಡೆ ಅಂದಿದ್ಯಲ್ಲ?”

“ಹೌದು. ಅವರ ಎದುರಿಗೇ ಅಂದಿದ್ದೆ.”