ಹಾರ್ಡ್ ಡಿಸ್ಕಿಗೆ ಕುಂಕುಮ

ಕರೋಲ್ ಬಾಗಿನಲ್ಲಿ ಸಣ್ಣ ದೋಸೆ ಹೋಟೆಲು ಇಟ್ಟಿದ್ದ ಐತಪ್ಪನಿಗೆ, ಹೆಂಡತಿ ಸ್ನೇಹಲತಾ ತೀರಿಕೊಂಡ ಮೇಲೆ ಅದು ಮೊದಲ ಆಯುಧಪೂಜೆ. ಪ್ರತಿವರ್ಷ ಅವಳು ಮಾಡುತ್ತಿದ್ದುದನ್ನು ಈ ಸಲ ಅವನೇ ಮಾಡಿದ. ಗ್ರೈಂಡರಿಗೆ, ತಕ್ಕಡಿಗೆ, ಸ್ಕೂಟರಿಗೆ ಒಂದೊಂದು ಬೊಟ್ಟು. ಅವಳ ವಿಡಿಯೋಗಳಿದ್ದ ಹಾರ್ಡ್ ಡಿಸ್ಕಿಗೆ ಮಾತ್ರ ಕೈ ಬಿಗಿ ಹಿಡಿಯಲಿಲ್ಲ. ಕುಂಕುಮವನ್ನು ನೀರಲ್ಲಿ ಕಲಸಿ ಬಳಿದು, ಒದ್ದೆ ಸೇವಂತಿಗೆ ಇಟ್ಟು, ಮೇಲಿಂದ ತೀರ್ಥವನ್ನೂ ಚಿಮುಕಿಸಿದ. ಮರುದಿನ ಕಂಪ್ಯೂಟರಿಗೆ ಹಾಕಿದರೆ ಅದು ಉಸಿರೇ ಎತ್ತಲಿಲ್ಲ.

ಹೌಜ್ ಖಾಸಿನ ಡೇಟಾ ರಿಕವರಿ ಅಂಗಡಿಯವನು ಅದನ್ನು ಬಿಚ್ಚಿ, ಒಳಗೆ ಇಳಿದಿದ್ದ ಕೆಂಪು ನೀರನ್ನು ಕಂಡು ಹಣೆ ಚಚ್ಚಿಕೊಂಡ. ಬಹಳ ದಿನ ಹೆಣಗಿದ ಮೇಲೆ ಅವನಿಗೆ ದಕ್ಕಿದ್ದು ಒಂದೇ ತುಣುಕು: ಹೋದ ವರ್ಷದ ಆಯುಧಪೂಜೆ.

ಒಂದು ಕೈಯಲ್ಲಿ ಕ್ಯಾಮೆರಾ ಹಿಡಿದು ಇನ್ನೊಂದರಿಂದ ಗ್ರೈಂಡರಿಗೆ ತೀರ್ಥ ಚಿಮುಕಿಸುತ್ತಿದ್ದ ಗಂಡನತ್ತ ಪರದೆಯ ಮೇಲಿನ ಸ್ನೇಹಲತಾ ತಿರುಗಿ ರೇಗಿದಳು: "ನಿಮ್ಮ ಕೈಗೆ ತಂಬಿಗೆ ಕೊಟ್ಟವರು ಯಾರು ಮಾರಾಯ್ರೆ? ಕರೆಂಟಿನ ಸಾಮಾನಿಗೆ ಯಾರಾದ್ರೂ ನೀರು ಹಾಕ್ತಾರಾ?"

"ಆಂಟೀಜಿ ಕ್ಯಾ ಬೋಲೀ?" ಎಂದು ಅಂಗಡಿಯವನು ಕೇಳಿದ.

ಬೈಯುತ್ತಿದ್ದಾಳೆ ಎಂದು ಹಿಂದಿಯಲ್ಲಿ ಹೇಳಿ, ಐತಪ್ಪ ಇನ್ನೊಮ್ಮೆ ಹಾಕುವಂತೆ ಸನ್ನೆ ಮಾಡಿದ. ಅಷ್ಟು ಸಲಿಗೆಯಿಂದ ಅವನನ್ನು ಬೈಯುವವರು ಆ ಊರಿನಲ್ಲಿ ಬೇರೆ ಯಾರೂ ಇರಲಿಲ್ಲ.